ಎರಡನೇ ಪ್ರಾಶಸ್ತ್ಯದ ರಾಜಕಾರಣಿ: ಎಂಡಾ ಕೆನ್ನಿಯವರ 44 ವರ್ಷ

ಪ್ರಶ್ನೆ: ಸರ್, ನಾನು ಬೆಳಗಾವಿಯವಳು, ನಿವೃತ್ತ ಶಿಕ್ಷಕಿ. ನನ್ನ ತಂಗಿಯ ಮಗಳು ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸಕ್ಕೆ ಸೇರಲಿದ್ದಾಳೆ. ಆ ದೇಶದ ಹೆಸರು ಕೇಳಿದರೆ ನಮ್ಮ ಊರಿನವರಿಗೆ ಮೊದಲು ನೆನಪಾಗುವುದು, 2012ರಲ್ಲಿ ಅಲ್ಲಿನ ಆಸ್ಪತ್ರೆ ಗರ್ಭ ತೆಗೆಯಲು ಒಪ್ಪದೆ ತೀರಿಕೊಂಡ ಸವಿತಾ ಹಾಲಪ್ಪನವರ್. ಆಗ ಅಲ್ಲಿ ಪ್ರಧಾನಿಯಾಗಿದ್ದವರು ಎಂಡಾ ಕೆನ್ನಿ. ನಲವತ್ತಕ್ಕೂ ಹೆಚ್ಚು ವರ್ಷ ಸಂಸತ್ತಿನಲ್ಲಿದ್ದು ಅವರು ನಿವೃತ್ತರಾದರೆಂದು ಓದಿದೆ. ಕೆಲವರು ಅವರನ್ನು ದೊಡ್ಡ ಸುಧಾರಕ ಎನ್ನುತ್ತಾರೆ, ಕೆಲವರು ತೀರಾ ಸಾಧಾರಣ ರಾಜಕಾರಣಿ ಎನ್ನುತ್ತಾರೆ. ಯಾವುದು ಸರಿ? ಸವಿತಾ ತೀರಿಕೊಂಡ ಮೇಲೆ ಅವರು ಮಾಡಿದ್ದೇನು? ಈಗ ಅಲ್ಲಿ ಗರ್ಭಪಾತದ ಕಾನೂನು ಹೇಗಿದೆ?

ಉತ್ತರ: ಮೇಡಂ, ನಿಮ್ಮ ಪ್ರಶ್ನೆಯ ಕೊನೆಯ ಎರಡು ಭಾಗಗಳಿಗೆ ನೇರವಾಗಿ ಹೋಗಬಹುದಿತ್ತು. ಆದರೆ ಕೆನ್ನಿಯವರು 2012–13ರಲ್ಲಿ ಯಾಕೆ ಅಷ್ಟು ಮಾಡಿದರು, ಯಾಕೆ ಅಷ್ಟಕ್ಕೇ ನಿಂತರು ಎಂದು ತಿಳಿಯಬೇಕಾದರೆ ಅವರು ಗೆಲ್ಲುತ್ತಿದ್ದ ಬಗೆಯನ್ನು ಮೊದಲು ನೋಡಬೇಕು. ನಾನು ಅವರನ್ನು ಎರಡನೇ ಪ್ರಾಶಸ್ತ್ಯದ ರಾಜಕಾರಣಿ ಎಂದು ಕರೆಯುತ್ತೇನೆ. ಇದು ಬೈಗುಳವೂ ಅಲ್ಲ, ಹೊಗಳಿಕೆಯೂ ಅಲ್ಲ. ಅಲ್ಲಿನ ಮತಪತ್ರವೇ ಅವರನ್ನು ಹಾಗೆ ರೂಪಿಸಿತು.

ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರಕ್ಕೆ ನೀವು ಮತ ಹಾಕಿರಬಹುದು. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಬರೆಯುತ್ತೇವಲ್ಲ, ಐರ್ಲೆಂಡಿನಲ್ಲಿ ಪ್ರತಿಯೊಂದು ಸಾರ್ವತ್ರಿಕ ಚುನಾವಣೆಯೂ ಹಾಗೆಯೇ ನಡೆಯುತ್ತದೆ. ಒಂದು ವ್ಯತ್ಯಾಸ: ಅಲ್ಲಿ ಒಂದೊಂದು ಕ್ಷೇತ್ರದಿಂದ ಮೂರರಿಂದ ಐದು ಜನ ಆರಿಸಿ ಬರುತ್ತಾರೆ. ಗೆಲ್ಲಲು ಒಂದು ಕೋಟಾ ಇದೆ. ಐದು ಸ್ಥಾನದ ಕ್ಷೇತ್ರವಾದರೆ ಊರ್ಜಿತ ಮತಗಳನ್ನು ಆರರಿಂದ ಭಾಗಿಸಿ ಒಂದು ಕೂಡಿಸಿದರೆ ಆ ಸಂಖ್ಯೆ ಸಿಗುತ್ತದೆ. ಕೋಟಾ ದಾಟಿದವರ ಹೆಚ್ಚುವರಿ ಮತಗಳೂ, ಕಡೆಯ ಸ್ಥಾನದಲ್ಲಿದ್ದು ಹೊರಬಿದ್ದವರ ಮತಗಳೂ ಮುಂದಿನ ಪ್ರಾಶಸ್ತ್ಯದವರಿಗೆ ಹರಿಯುತ್ತವೆ. ಎಣಿಕೆ ಒಂದೆರಡು ದಿನ ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು.

ಈ ಪದ್ಧತಿ ರಾಜಕಾರಣಿಗೆ ಒಂದು ಪಾಠವನ್ನು ದಿನವೂ ಕಲಿಸುತ್ತದೆ: ನಿನಗೆ ಮೊದಲ ಮತ ಕೊಡದ ಮನೆಯ ಬಾಗಿಲನ್ನೂ ತಟ್ಟು. ಎದುರು ಪಕ್ಷದವನ ಮನೆಯಲ್ಲಿ ಕೂತು ಚಹ ಕುಡಿದು ಎದ್ದರೆ ಎರಡನೆಯದೋ ಮೂರನೆಯದೋ ಪ್ರಾಶಸ್ತ್ಯ ಸಿಕ್ಕೀತು. ಯಾರನ್ನೂ ತೀರಾ ನೋಯಿಸಬೇಡ. ಇನ್ನೊಂದು ಪಾಠವೂ ಇದೆ, ಅದು ಕಹಿಯಾದದ್ದು: ನಿನ್ನ ಸ್ಥಾನ ಕಸಿಯುವವನು ನಿನ್ನದೇ ಪಕ್ಷದ ಇನ್ನೊಬ್ಬ ಅಭ್ಯರ್ಥಿ ಆಗಿರಬಹುದು.

ಎಂಡಾ ಕೆನ್ನಿ ಹುಟ್ಟಿದ್ದು 1951ರಲ್ಲಿ, ಅಟ್ಲಾಂಟಿಕ್ ಕಡಲಿಗೆ ಮುಖ ಮಾಡಿರುವ ಮೇಯೊ ಕೌಂಟಿಯಲ್ಲಿ. ಕಲ್ಲು ನೆಲ, ಮಳೆ, ತಲೆಮಾರುಗಳ ವಲಸೆ, ಜೊತೆಗೆ ಗಾಢವಾದ ಕ್ಯಾಥೊಲಿಕ್ ಶ್ರದ್ಧೆ; ಆ ಸೀಮೆ ಅಂಥದ್ದು. ನಾಕ್ ಎಂಬ ದೊಡ್ಡ ಯಾತ್ರಾಸ್ಥಳವೂ ಭಕ್ತರು ಬರಿಗಾಲಲ್ಲಿ ಹತ್ತುವ ಕ್ರೋ ಪ್ಯಾಟ್ರಿಕ್ ಬೆಟ್ಟವೂ ಇರುವುದು ಅಲ್ಲಿಯೇ. ತಂದೆ ಹೆನ್ರಿ ಕೆನ್ನಿ 1936ರಲ್ಲಿ ಅಖಿಲ ಐರ್ಲೆಂಡ್ ಗೇಲಿಕ್ ಫುಟ್‌ಬಾಲ್ ಪ್ರಶಸ್ತಿ ಗೆದ್ದ ಮೇಯೊ ತಂಡದ ಆಟಗಾರ. ಆ ಜನಪ್ರಿಯತೆಯಿಂದಲೇ 1954ರಲ್ಲಿ ಅಲ್ಲಿನ ಕೆಳಮನೆಯಾದ ಡಾಯ್ಲ್‌ಗೆ ಆರಿಸಿ ಬಂದರು. 1975ರಲ್ಲಿ ತಂದೆ ತೀರಿಕೊಂಡಾಗ ಎಂಡಾ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅದೇ ನವೆಂಬರ್‌ನ ಉಪಚುನಾವಣೆಯಲ್ಲಿ ಫಿನ ಗೇಲ್ ಪಕ್ಷ ಮಗನನ್ನೇ ನಿಲ್ಲಿಸಿತು, ಮಗ ಗೆದ್ದರು. ವಯಸ್ಸು 24, ಆ ಸಭೆಯಲ್ಲಿ ಎಲ್ಲರಿಗಿಂತ ಕಿರಿಯ. ಅನುಕಂಪದ ಅಲೆ ಎಂಬುದು ನಮ್ಮ ನೆಲದ್ದು ಮಾತ್ರ ಎಂದು ಯಾರಾದರೂ ಅಂದುಕೊಂಡಿದ್ದರೆ ಇದನ್ನು ಗಮನಿಸಬೇಕು.

ಆಮೇಲಿನ ಕಾಲು ಶತಮಾನದ ಬಗ್ಗೆ ಹೇಳುವುದು ಬಹಳ ಇಲ್ಲ. 1986–87ರಲ್ಲಿ ಸುಮಾರು ಒಂದು ವರ್ಷ ರಾಜ್ಯ ಸಚಿವರು. 1994ರಿಂದ 1997ರವರೆಗೆ ಜಾನ್ ಬ್ರೂಟನ್ ಅವರ ಸಮ್ಮಿಶ್ರ ಸರ್ಕಾರದಲ್ಲಿ ಪ್ರವಾಸೋದ್ಯಮ ಮತ್ತು ವ್ಯಾಪಾರ ಸಚಿವರು. ಉಳಿದಂತೆ ವಾರವಿಡೀ ಡಬ್ಲಿನ್, ವಾರಾಂತ್ಯಕ್ಕೆ ಮೇಯೊ. ಅಲ್ಲಿನ ಶಾಸಕರು ಜನರ ಅಹವಾಲು ಕೇಳಲು ಊರೂರಲ್ಲಿ ಕೂರುವುದನ್ನು ಕ್ಲಿನಿಕ್ ಎನ್ನುತ್ತಾರೆ. ಒಬ್ಬರಿಗೆ ಪಿಂಚಣಿ ಬಂದಿಲ್ಲ, ಇನ್ನೊಬ್ಬರಿಗೆ ಮನೆ ಕಟ್ಟಲು ಪರವಾನಗಿ ಸಿಕ್ಕಿಲ್ಲ, ಮತ್ತೊಬ್ಬರ ಓಣಿಯ ರಸ್ತೆ ಹಾಳಾಗಿದೆ. ಜೊತೆಗೆ ಊರಿನ ಪ್ರತಿ ಶವಸಂಸ್ಕಾರಕ್ಕೂ ಹೋಗಿ ಕೈ ಕುಲುಕಿ ಬರಬೇಕು. ಡಬ್ಲಿನ್‌ನ ಪತ್ರಕರ್ತರಿಗೆ ಇದು ಕೆಲಸವೇ ಅನ್ನಿಸುತ್ತಿರಲಿಲ್ಲ. ಅದಕ್ಕೇ ಕೆನ್ನಿಯವರನ್ನು ಹಗುರ ಮನುಷ್ಯ ಎಂದು ಬದಿಗಿಟ್ಟರು. 2001ರಲ್ಲಿ ಪಕ್ಷದ ನಾಯಕತ್ವಕ್ಕೆ ನಿಂತು ಮೈಕೆಲ್ ನೂನನ್ ಎದುರು ಅವರು ಸೋತದ್ದು ಆ ಅಭಿಪ್ರಾಯವನ್ನು ಗಟ್ಟಿ ಮಾಡಿತು.

2002ರ ಚುನಾವಣೆಯಲ್ಲಿ ಫಿನ ಗೇಲ್ 54ರಿಂದ 31 ಸ್ಥಾನಕ್ಕೆ ಕುಸಿಯಿತು. ಮೇಯೊದಲ್ಲಿ ಕೆನ್ನಿಯವರ ಸ್ಥಾನವೇ ಹೋಯಿತು ಎನ್ನುವಷ್ಟು ಇಕ್ಕಟ್ಟಾಗಿತ್ತು. ಎಣಿಕೆ ಕೇಂದ್ರದಲ್ಲಿ ಅವರು ಸೋಲೊಪ್ಪುವ ಮಾತುಗಳನ್ನು ಸಿದ್ಧ ಮಾಡಿಕೊಂಡಿದ್ದರೆಂದು ಆಗ ವರದಿಯಾಗಿತ್ತು. ಕೊನೆಯ ಸುತ್ತುಗಳಲ್ಲಿ ಹರಿದುಬಂದ ಕೆಳಗಿನ ಪ್ರಾಶಸ್ತ್ಯಗಳು ಅವರನ್ನು ಉಳಿಸಿದವು. ಕೆಲವೇ ವಾರಗಳಲ್ಲಿ, ಜೂನ್ 2002ರಲ್ಲಿ, ಅದೇ ಮನುಷ್ಯ ಪಕ್ಷದ ನಾಯಕ! ಘಟಾನುಘಟಿಗಳು ಬಹಳಷ್ಟು ಮಂದಿ ಸೋತು ಮನೆ ಸೇರಿದ್ದರು ಎನ್ನುವುದೂ ಇದಕ್ಕೆ ಒಂದು ಕಾರಣ.

ನನ್ನ ಮಟ್ಟಿಗೆ ಅವರ ಜೀವನದ ಅತ್ಯುತ್ತಮ ಕೆಲಸ ಶುರುವಾಗುವುದು ಇಲ್ಲಿ. ಅದು ಯಾರ ಕಣ್ಣಿಗೂ ಬೀಳದ ಕೆಲಸ. ಅವರು ಪಕ್ಷದ ಒಂದೊಂದು ಶಾಖೆಗೂ ಹೋದರು. ಮೇಯೊದ ಓಣಿಗಳಲ್ಲಿ ಮಾಡುತ್ತಿದ್ದುದನ್ನೇ ದೇಶವಿಡೀ ಮಾಡಿದರು. 2004ರ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಅವರ ಪಕ್ಷ ಆಳುವ ಫಿಯನಾ ಫಾಯ್ಲ್‌ಗಿಂತ ಒಂದು ಸ್ಥಾನ ಹೆಚ್ಚು ಗೆದ್ದಿತು. ಅದೇ ವರ್ಷ ಲೇಬರ್ ಪಕ್ಷದ ಪ್ಯಾಟ್ ರಾಬಿಟ್ ಜೊತೆ ಮುಲಿಂಗಾರ್ ಎಂಬ ಊರಲ್ಲಿ ಹೊಂದಾಣಿಕೆ ಆಯಿತು. ಎರಡನೇ ಪ್ರಾಶಸ್ತ್ಯ ಪರಸ್ಪರ ಕೊಟ್ಟುಕೊಳ್ಳಿ ಎಂದು ಎರಡೂ ಪಕ್ಷಗಳ ಮತದಾರರಿಗೆ ಹೇಳುವ ಹಾದಿ ಅಲ್ಲಿಂದ ತೆರೆಯಿತು. 2007ರಲ್ಲಿ ಪಕ್ಷ 51ಕ್ಕೆ ಏರಿತು, ಅಧಿಕಾರ ಮಾತ್ರ ದಕ್ಕಲಿಲ್ಲ.

ಜೂನ್ 2010ರಲ್ಲಿ ಪಕ್ಷದೊಳಗೇ ಬಂಡಾಯ ಎದ್ದಿತು. ಟಿವಿಯಲ್ಲಿ ತಡವರಿಸುವ ಈ ಮನುಷ್ಯ ಪ್ರಧಾನಿಯಾಗಲಾರ ಎಂದು ಉಪನಾಯಕ ರಿಚರ್ಡ್ ಬ್ರೂಟನ್ ಎದುರು ನಿಂತರು. ಲಿಯೊ ವರಾಡ್ಕರ್ ಸೇರಿ ಮುಂದಿನ ಸಾಲಿನ ಎಳೆಯರು ಬಹುಪಾಲು ಬ್ರೂಟನ್ ಕಡೆ. (ಈ ವರಾಡ್ಕರ್ ಅವರ ತಂದೆ ಮುಂಬಯಿಯವರು ಎಂಬುದು ನಿಮಗೆ ಗೊತ್ತಿರಬಹುದು.) ಹಿಂದಿನ ಸಾಲಿನ ಹಳ್ಳಿಗಾಡಿನ ಶಾಸಕರು ಕೆನ್ನಿಯವರನ್ನು ಕೈಬಿಡಲಿಲ್ಲ, ಗುಪ್ತ ಮತದಾನದಲ್ಲಿ ಅವರು ಉಳಿದರು. ಗೆದ್ದ ಮೇಲೆ ಅವರು ಮಾಡಿದ್ದನ್ನು ನೋಡಿ: ತಮ್ಮ ವಿರುದ್ಧ ನಿಂತ ಬ್ರೂಟನ್ ಮತ್ತು ವರಾಡ್ಕರ್ ಇಬ್ಬರಿಗೂ ಮತ್ತೆ ಜಾಗ ಕೊಟ್ಟರು. 2001ರಲ್ಲಿ ತಮ್ಮನ್ನು ಸೋಲಿಸಿದ್ದ ನೂನನ್ ಅವರನ್ನು ಕರೆತಂದು ಹಣಕಾಸಿನ ಹೊಣೆ ಒಪ್ಪಿಸಿದರು. ಸೇಡು ತೀರಿಸಿಕೊಳ್ಳುವವನಿಗೆ ಎರಡನೇ ಪ್ರಾಶಸ್ತ್ಯ ಸಿಗುವುದಿಲ್ಲ ಎಂಬುದು ಅವರ ರಕ್ತದಲ್ಲೇ ಇತ್ತು. ಮುಂದೆ ಮೂವರೂ ಅವರ ಸಂಪುಟದಲ್ಲಿ ಸಚಿವರಾದರು. ನಮ್ಮ ಪಕ್ಷಗಳಲ್ಲಿ ಬಂಡಾಯ ಎದ್ದವರಿಗೆ ಏನಾಗುತ್ತದೆ ಎಂದು ಬಲ್ಲ ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಅಷ್ಟರಲ್ಲಿ ಐರ್ಲೆಂಡ್ ಮುಳುಗುತ್ತಿತ್ತು. ಮನೆ-ನಿವೇಶನದ ಗುಳ್ಳೆ ಒಡೆದು ಬ್ಯಾಂಕುಗಳು ಬಿದ್ದವು, ಅವುಗಳ ಸಾಲವನ್ನು ಸರ್ಕಾರ ತಲೆ ಮೇಲೆ ಹೊತ್ತುಕೊಂಡಿತು. ನವೆಂಬರ್ 2010ರಲ್ಲಿ ಯುರೋಪಿಯನ್ ಒಕ್ಕೂಟ ಮತ್ತು ಐಎಂಎಫ್ ಮುಂದೆ ಕೈಚಾಚಿ 85 ಬಿಲಿಯನ್ ಯುರೋಗಳ ಪಾರುಗಾಣಿಕೆ ಯೋಜನೆಗೆ ಸಹಿ ಹಾಕಬೇಕಾಯಿತು. ಫೆಬ್ರುವರಿ 2011ರ ಚುನಾವಣೆಯಲ್ಲಿ ಸಿಟ್ಟಿಗೆದ್ದ ಜನ ಫಿಯನಾ ಫಾಯ್ಲ್ ಪಕ್ಷವನ್ನು 20 ಸ್ಥಾನಕ್ಕೆ ಇಳಿಸಿದರು. ಫಿನ ಗೇಲ್‌ಗೆ 166ರಲ್ಲಿ 76, ಲೇಬರ್‌ಗೆ 37. ಮೇಯೊದಲ್ಲಿ ಕೋಟಾ 12 ಸಾವಿರ ಚಿಲ್ಲರೆ ಇದ್ದರೆ ಕೆನ್ನಿಯವರಿಗೆ ಬಂದ ಮೊದಲ ಪ್ರಾಶಸ್ತ್ಯದ ಮತಗಳೇ 17 ಸಾವಿರ ದಾಟಿದವು. ಅವರ ಹೆಚ್ಚುವರಿ ಮತಗಳೂ ಹರಿದುಬಂದು ಐದು ಸ್ಥಾನಗಳಲ್ಲಿ ನಾಲ್ಕು ಅವರ ಪಕ್ಷಕ್ಕೇ ಹೋದವು. ಈ ಪದ್ಧತಿಯಲ್ಲಿ ಐದಕ್ಕೆ ನಾಲ್ಕು ಎನ್ನುವುದು ಎಷ್ಟು ಅಪರೂಪ ಎಂದು ಮತ ಎಣಿಸಿ ಬಲ್ಲವರಿಗೇ ಗೊತ್ತು. ಮಾರ್ಚ್ 9ರಂದು ಅವರು ಟೀಶಕ್ ಆದರು. ಅಲ್ಲಿ ಪ್ರಧಾನಿಯನ್ನು ಕರೆಯುವ ಐರಿಷ್ ಹೆಸರು ಅದು.

ಆರ್ಥಿಕತೆಯ ಕಥೆಯನ್ನು ಇಲ್ಲಿ ಬೇಗ ಮುಗಿಸುತ್ತೇನೆ. ಅಧಿಕಾರಕ್ಕೆ ಬಂದ ಎರಡೇ ದಿನಕ್ಕೆ ಬ್ರಸೆಲ್ಸ್‌ನಲ್ಲಿ, ಸಾಲದ ಬಡ್ಡಿ ಇಳಿಯಬೇಕಾದರೆ ನಿಮ್ಮ 12.5 ಶೇಕಡಾ ಕಂಪನಿ ತೆರಿಗೆ ಏರಿಸಿ ಎಂದು ಫ್ರಾನ್ಸ್ ಅಧ್ಯಕ್ಷ ಸರ್ಕೋಜಿ ಪಟ್ಟು ಹಿಡಿದರು. ಕೆನ್ನಿ ಬಗ್ಗಲಿಲ್ಲ. ಡಿಸೆಂಬರ್ 2013ರಲ್ಲಿ ಐರ್ಲೆಂಡ್ ಆ ಯೋಜನೆಯಿಂದ ಹೊರಬಂದಿತು. ಅಂಥ ನೆರವು ಪಡೆದ ಯುರೋ ದೇಶಗಳಲ್ಲಿ ಹಾಗೆ ಹೊರಬಂದದ್ದು ಅದೇ ಮೊದಲು. 2012ರ ಹೊತ್ತಿಗೆ 15 ಶೇಕಡಾ ಮುಟ್ಟಿದ್ದ ನಿರುದ್ಯೋಗ 2016ಕ್ಕೆ 9ರ ಕೆಳಗೆ ಇಳಿಯಿತು. ಈ ಚಿಕಿತ್ಸೆಯ ಮೂಲ ಚೀಟಿ ಬರೆದದ್ದು ಹಿಂದಿನ ಸರ್ಕಾರ, ನೋವು ಉಂಡದ್ದು ಸಾಮಾನ್ಯ ಜನ. ಮನೆ ತೆರಿಗೆ, ನೀರಿನ ಶುಲ್ಕ, ಸವಲತ್ತುಗಳ ಕಡಿತ, ಮತ್ತೊಮ್ಮೆ ವಿಮಾನ ಹತ್ತಿದ ಯುವಕರು. 2014ರಲ್ಲಿ ನೀರಿನ ಶುಲ್ಕದ ವಿರುದ್ಧ ಬೀದಿಗಿಳಿದವರ ಸಿಟ್ಟನ್ನು ಕೆನ್ನಿ ಸರಿಯಾಗಿ ಅಳೆಯಲಿಲ್ಲ. ಓಣಿಯ ನಾಡಿ ಬಲ್ಲವರು ಅಲ್ಲಿ ಎಡವಿದ್ದು ನನಗೆ ಈಗಲೂ ಬೆರಗಿನ ವಿಷಯ.

ಈಗ ಚರ್ಚ್ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯ ಬೇರು ಇರುವುದು ಇಲ್ಲಿ. ಜುಲೈ 2011ರಲ್ಲಿ ಕಾರ್ಕ್ ಕೌಂಟಿಯ ಕ್ಲೋಯ್ನ್ ಧರ್ಮಪ್ರಾಂತದ ಬಗ್ಗೆ ವರದಿ ಬಂತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೂರುಗಳನ್ನು ಅಲ್ಲಿನ ಚರ್ಚ್ 2009ರವರೆಗೂ ಹೇಗೆ ಮುಚ್ಚಿಟ್ಟಿತ್ತು ಎಂಬುದು ಅದರಲ್ಲಿತ್ತು. ಜುಲೈ 20ರಂದು ಕೆನ್ನಿ ಡಾಯ್ಲ್‌ನಲ್ಲಿ ಎದ್ದು ನಿಂತು ವ್ಯಾಟಿಕನ್ನಿನ ಸಂಸ್ಕೃತಿಯನ್ನೇ ಹೆಸರಿಟ್ಟು ಖಂಡಿಸಿದರು. ಮಕ್ಕಳ ಮೇಲಾದ ಅತ್ಯಾಚಾರ, ಹಿಂಸೆಯನ್ನು ಸಣ್ಣದು ಮಾಡಿ ಸಂಸ್ಥೆಯ ಹೆಸರನ್ನು ಕಾಪಾಡಿದಿರಿ ಎಂದರು. ಐರ್ಲೆಂಡಿನ ಯಾವ ಪ್ರಧಾನಿಯೂ ರೋಮ್ ಜೊತೆ ಈ ಭಾಷೆಯಲ್ಲಿ ಮಾತಾಡಿರಲಿಲ್ಲ. ವ್ಯಾಟಿಕನ್ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ಇದನ್ನು ಹೇಳಿದ್ದು ಡಬ್ಲಿನ್‌ನ ನಾಸ್ತಿಕ ಬುದ್ಧಿಜೀವಿ ಆಗಿದ್ದರೆ ಯಾರೂ ಬೆಚ್ಚುತ್ತಿರಲಿಲ್ಲ. ಹೇಳಿದ್ದು ಭಾನುವಾರದ ಪೂಜೆಗೆ ಹೋಗುವ ಮೇಯೊದ ಮೇಷ್ಟ್ರು. ಯಾರಿಗೂ ನೋವಾಗದಂತೆ ಬದುಕಿದ್ದ ರಾಜಕಾರಣಿ ಮೊದಲ ಬಾರಿಗೆ ತನ್ನ ಮತದಾರರು ಮಂಡಿಯೂರುವ ಸಂಸ್ಥೆಯ ಎದುರು ನಿಂತಿದ್ದರು.

ಇನ್ನೊಂದು ಪ್ರಸಂಗ ಅವರ ಸ್ವಭಾವವನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಮ್ಯಾಗ್ಡಲೀನ್ ಲಾಂಡ್ರಿಗಳೆಂದರೆ ಸನ್ಯಾಸಿನಿಯರು ನಡೆಸುತ್ತಿದ್ದ ಬಟ್ಟೆ ಒಗೆಯುವ ಕೇಂದ್ರಗಳು. ಸಮಾಜ ಬೇಡವೆಂದ ಹೆಣ್ಣುಮಕ್ಕಳನ್ನು ಅಲ್ಲಿ ಕೂಡಿಹಾಕಿ ಕೂಲಿಯಿಲ್ಲದೆ ದುಡಿಸುತ್ತಿದ್ದರು. ಅದರಲ್ಲಿ ಸರ್ಕಾರದ ಕೈಯೂ ಇತ್ತು ಎಂದು ಫೆಬ್ರುವರಿ 2013ರ ಆರಂಭದಲ್ಲಿ ವರದಿ ಹೇಳಿದ ದಿನ ಕೆನ್ನಿ ಅಳೆದು ಸುರಿದು ಮಾತಾಡಿದರು. ಪೂರ್ಣ ಕ್ಷಮೆ ಕೇಳಲಿಲ್ಲ. ಬದುಕುಳಿದ ಆ ಮಹಿಳೆಯರಿಗೆ ಅದು ಬೆನ್ನಿಗೆ ಚೂರಿ ಹಾಕಿದಂತಾಯಿತು. ಆಮೇಲೆ ಅವರು ಆ ಮಹಿಳೆಯರನ್ನು ಭೇಟಿ ಮಾಡಿ, ಎದುರು ಕೂತು ಕೇಳಿಸಿಕೊಂಡರು. ಫೆಬ್ರುವರಿ 19ರಂದು ಸದನದಲ್ಲಿ ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದರು. ಕೊನೆಯ ಮಾತುಗಳಿಗೆ ಬಂದಾಗ ಗಂಟಲು ಕಟ್ಟಿತು. ಮೇಲಿನ ಗ್ಯಾಲರಿಯಲ್ಲಿ ಆ ಮಹಿಳೆಯರು ಕೂತಿದ್ದರು. ಕಡತ ಓದಿದಾಗ ಕಾಣದ್ದು ಮನುಷ್ಯರ ಮುಖ ನೋಡಿದಾಗ ಅವರಿಗೆ ಕಾಣುತ್ತಿತ್ತು. ಇದನ್ನು ಗುಣ ಎನ್ನಬೇಕೋ ದೋಷ ಎನ್ನಬೇಕೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಮುಖ ನೋಡಿದ ಮೇಲೂ ಕರಗದವರನ್ನು ಎಷ್ಟೋ ಕಂಡಿರುವುದರಿಂದ ಗುಣ ಎಂದೇ ಎಣಿಸುತ್ತೇನೆ.

ಸವಿತಾ ಅವರ ವಿಷಯ. ನಿಮ್ಮ ಊರಿನ ಮಗಳು, ದಂತವೈದ್ಯೆ, 31 ವರ್ಷ, 17 ವಾರದ ಗರ್ಭಿಣಿ. 2012ರ ಅಕ್ಟೋಬರ್ 21ರಂದು ಗರ್ಭಪಾತದ ಲಕ್ಷಣಗಳೊಂದಿಗೆ ಗಾಲ್ವೇಯ ಆಸ್ಪತ್ರೆ ಸೇರಿದರು. ಮಗು ಉಳಿಯುವುದಿಲ್ಲ ಎಂದು ವೈದ್ಯರಿಗೆ ಗೊತ್ತಿತ್ತು. ಗರ್ಭ ತೆಗೆದುಬಿಡಿ ಎಂದು ಸವಿತಾ ಅವರೇ ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವವರೆಗೆ ಸಾಧ್ಯವಿಲ್ಲ ಎಂಬ ಉತ್ತರ ಬಂತು. ನಂಜು ರಕ್ತಕ್ಕೇರಿ ಅಕ್ಟೋಬರ್ 28ರಂದು ತೀರಿಕೊಂಡರು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನು ತಾನು ಆಡಿದ್ದು ಹೌದು ಎಂದು ಸೂಲಗಿತ್ತಿ ನರ್ಸ್ ಒಬ್ಬರು ನಂತರದ ವಿಚಾರಣೆಯಲ್ಲಿ ಒಪ್ಪಿಕೊಂಡರು. ನೋಯಿಸುವ ಉದ್ದೇಶ ತನಗಿರಲಿಲ್ಲ ಎಂದೂ ಹೇಳಿದರು.

ಕಾನೂನಿನ ಹಿನ್ನೆಲೆ ಹೀಗಿತ್ತು. 1983ರಲ್ಲಿ ಜನಮತಗಣನೆಯ ಮೂಲಕ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿತು. ತಾಯಿಯ ಜೀವ, ಹುಟ್ಟದ ಮಗುವಿನ ಜೀವ ಎರಡಕ್ಕೂ ಸಮಾನ ಹಕ್ಕು ಎಂದು ಅದು ಹೇಳಿತು. 1992ರಲ್ಲಿ ಸುಪ್ರೀಂ ಕೋರ್ಟ್, ಅತ್ಯಾಚಾರದಿಂದ ಗರ್ಭ ಧರಿಸಿ ಆತ್ಮಹತ್ಯೆಯ ಅಂಚಿಗೆ ಬಂದಿದ್ದ 14 ವರ್ಷದ ಹುಡುಗಿಯ ಪ್ರಕರಣದಲ್ಲಿ, ತಾಯಿಯ ಜೀವಕ್ಕೆ ನಿಜವಾದ ಗಣನೀಯ ಅಪಾಯ ಇದ್ದರೆ ಗರ್ಭಪಾತ ಮಾಡಿಸಬಹುದು ಎಂದಿತು. ಆ ತೀರ್ಪನ್ನು ಕಾನೂನಾಗಿ ಬರೆಯುವ ಧೈರ್ಯ ಒಂದಾದ ಮೇಲೊಂದು ಬಂದ ಸರ್ಕಾರಗಳಿಗೆ ಬರಲಿಲ್ಲ. ಅಪಾಯ ಯಾವ ಘಟ್ಟಕ್ಕೆ ಬಂದರೆ ಕೈ ಹಾಕಬಹುದು ಎಂದು ವೈದ್ಯರಿಗೆ ಹೇಳುವವರಿರಲಿಲ್ಲ. ತಪ್ಪಿದರೆ ಶಿಕ್ಷೆ ವಿಧಿಸಲು 1861ರ ಬ್ರಿಟಿಷ್ ಕಾಲದ ಕಾಯ್ದೆ ಇತ್ತು. 2010ರ ಡಿಸೆಂಬರ್‌ನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಛೀಮಾರಿ ಹಾಕಿದ ಮೇಲೆ ತಜ್ಞರ ಸಮಿತಿಯೊಂದು ಕೂತಿತು. ಅದರ ವರದಿ ಆರೋಗ್ಯ ಸಚಿವರ ಕೈಸೇರಿದ್ದು 2012ರ ನವೆಂಬರ್ 13ರ ರಾತ್ರಿ. ಮರುದಿನ ಬೆಳಿಗ್ಗೆ ಸವಿತಾ ಸಾವಿನ ಸುದ್ದಿ ಪತ್ರಿಕೆಯಲ್ಲಿ ಬಂತು.

ಮೊದಲ ದಿನಗಳಲ್ಲಿ ಕೆನ್ನಿ ಮತ್ತೆ ಎಚ್ಚರದ ಮನುಷ್ಯನೇ ಆಗಿದ್ದರು. ತನಿಖಾ ಸಮಿತಿಯಲ್ಲಿ ಅದೇ ಗಾಲ್ವೇ ಆಸ್ಪತ್ರೆಯ ಮೂವರು ವೈದ್ಯರನ್ನು ಹಾಕಿದ್ದಕ್ಕೆ ಸವಿತಾ ಅವರ ಪತಿ ಆಕ್ಷೇಪಿಸಿದಾಗ ಅವರನ್ನು ತೆಗೆಯಲಾಯಿತು. ಪತಿ ಕೇಳಿದ್ದ ಬಹಿರಂಗ ಸಾರ್ವಜನಿಕ ತನಿಖೆಯನ್ನು ಸರ್ಕಾರ ಮಾಡಲೇ ಇಲ್ಲ. ಇದು ಕೆನ್ನಿಯವರ ಲೆಕ್ಕದಲ್ಲಿ ಬಾಕಿಯಾಗಿಯೇ ಉಳಿದಿದೆ ಎಂದು ನಾನು ಹೇಳುತ್ತೇನೆ. ಹೆಂಡತಿಯನ್ನು ಕಳೆದುಕೊಂಡವನು ಕೇಳಿದ್ದು ದೊಡ್ಡದೇನೂ ಆಗಿರಲಿಲ್ಲ.

ಆದರೆ ಕಾನೂನಿನಿಂದ ಅವರು ಹಿಂದೆ ಸರಿಯಲಿಲ್ಲ. 2013ರಲ್ಲಿ ಗರ್ಭಾವಸ್ಥೆಯಲ್ಲಿ ಜೀವರಕ್ಷಣೆಯ ಮಸೂದೆ ಬಂತು. ಪ್ರಧಾನಿಯ ಕಚೇರಿಗೆ ರಕ್ತದಲ್ಲಿ ಬರೆದ ಪತ್ರಗಳು, ಪ್ಲಾಸ್ಟಿಕ್ ಭ್ರೂಣಗಳು ಬರತೊಡಗಿದವು. ನನ್ನನ್ನು ಕೊಲೆಗಾರ ಎನ್ನುತ್ತಾರೆ ಎಂದು ಅವರೇ ಸದನದಲ್ಲಿ ಹೇಳಿಕೊಂಡರು. ಆಗ ಆಡಿದ ಮಾತು ಅಲ್ಲಿನ ಶಾಲಾ ಪಠ್ಯದಲ್ಲಿ ಇರಬೇಕಾದದ್ದು: ನಾನು ಟೀಶಕ್, ಕ್ಯಾಥೊಲಿಕ್ ಆಗಿರುವುದು ಸಂಯೋಗ, ನಾನು ಕ್ಯಾಥೊಲಿಕ್ ಟೀಶಕ್ ಅಲ್ಲ. ಜುಲೈ 12ರ ನಡುರಾತ್ರಿ ಕಳೆದ ಮೇಲೆ 127 ಪರ, 31 ವಿರುದ್ಧ ಮತಗಳಿಂದ ಮಸೂದೆ ಪಾಸಾಯಿತು. ಆತ್ಮಸಾಕ್ಷಿಯಂತೆ ಮತ ಹಾಕಲು ಬಿಡಿ ಎಂದು ಬೇಡಿದ ಪಕ್ಷದವರಿಗೆ ಕೆನ್ನಿ ವಿನಾಯಿತಿ ಕೊಡಲಿಲ್ಲ. ಯುರೋಪಿಯನ್ ವ್ಯವಹಾರಗಳ ರಾಜ್ಯ ಸಚಿವೆ ಲುಸಿಂಡಾ ಕ್ರೈಟನ್ ಸೇರಿ ಡಾಯ್ಲ್‌ನ ಐವರು ಸದಸ್ಯರು ಸಂಸದೀಯ ಪಕ್ಷದಿಂದ ಹೊರಬಿದ್ದರು. ಬಂಡಾಯಗಾರರನ್ನು ಕ್ಷಮಿಸಿ ಸೇರಿಸಿಕೊಂಡಿದ್ದವರು ಈ ಒಂದು ವಿಷಯದಲ್ಲಿ ಬಾಗಿಲು ಮುಚ್ಚಿದರು.

ಈ ಕಾಯ್ದೆ ಮೊದಲೇ ಇದ್ದಿದ್ದರೆ ಸವಿತಾ ಬದುಕುತ್ತಿದ್ದರೇ? ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಕಾಯ್ದೆ ವೈದ್ಯರಿಗೆ ಒಂದು ಕ್ರಮವನ್ನು ಬರೆದುಕೊಟ್ಟಿತು: ದೈಹಿಕ ಕಾಯಿಲೆಯಾದರೆ ಇಬ್ಬರು ವೈದ್ಯರು ಒಪ್ಪಬೇಕು, ತುರ್ತಾದರೆ ಒಬ್ಬರು ಸಾಕು, ಆತ್ಮಹತ್ಯೆಯ ಅಪಾಯವಿದ್ದರೆ ಮೂವರು. ಆದರೆ ಜೀವಕ್ಕೇ ಅಪಾಯ ಬರುವವರೆಗೆ ಕಾಯಬೇಕು ಎಂಬ ಗೆರೆ ಹಾಗೇ ಉಳಿಯಿತು, ತಪ್ಪಿದರೆ 14 ವರ್ಷದವರೆಗೆ ಜೈಲು. ಸವಿತಾ ಸಾವಿನ ವಿಚಾರಣೆಯಲ್ಲಿ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಹೇಳಿದ್ದು ಇದನ್ನೇ: ಮೊದಲ ಒಂದೆರಡು ದಿನಗಳಲ್ಲಿ ಗರ್ಭ ತೆಗೆದಿದ್ದರೆ ಅವರು ಬಹುಶಃ ಬದುಕುತ್ತಿದ್ದರು, ಆದರೆ ಆಗ ಕಾನೂನು ಬಿಡುತ್ತಿರಲಿಲ್ಲ, ಕಾನೂನು ಬಿಡುವಷ್ಟು ಕಾಯಿಲೆ ಏರಿದಾಗ ಹೊತ್ತು ಮೀರಿತ್ತು. ಆಸ್ಪತ್ರೆಯ ಆರೈಕೆಯಲ್ಲಾದ ಲೋಪಗಳನ್ನೂ ತನಿಖೆಗಳು ಎತ್ತಿ ಹೇಳಿದವು, ಅದನ್ನು ಮರೆಯುವಂತಿಲ್ಲ. ಆದರೂ 2013ರ ಕಾಯ್ದೆ 1992ರ ತೀರ್ಪಿನ ಗೆರೆಯನ್ನು ಒಂದಂಗುಲವೂ ದಾಟಲಿಲ್ಲ. ದಾಟಬೇಕಾದರೆ ಸಂವಿಧಾನವನ್ನೇ ಮುಟ್ಟಬೇಕಿತ್ತು. ಕೆನ್ನಿ ಆಗ ಅದಕ್ಕೆ ಸಿದ್ಧರಿರಲಿಲ್ಲ.

ಅವರು ಸಿದ್ಧರಿದ್ದದ್ದು ಇನ್ನೊಂದಕ್ಕೆ: ಕಠಿಣ ಪ್ರಶ್ನೆಯನ್ನು ಸಾಮಾನ್ಯ ನಾಗರಿಕರ ಕೈಗೆ ಕೊಡುವುದಕ್ಕೆ. ಮೊದಲ ಅವಧಿಯಲ್ಲಿ ಅವರ ಸರ್ಕಾರ ನೂರು ಜನರ ಸಂವಿಧಾನ ಸಮಾವೇಶ ನಡೆಸಿತ್ತು. 66 ಸಾಮಾನ್ಯ ನಾಗರಿಕರು, 33 ರಾಜಕಾರಣಿಗಳು, ಒಬ್ಬರು ಅಧ್ಯಕ್ಷರು. ಸಲಿಂಗ ವಿವಾಹಕ್ಕೆ ಅವಕಾಶ ಕೊಡಿ ಎಂಬ ಶಿಫಾರಸು ಬಂದದ್ದು ಅಲ್ಲಿಂದ. ಮೇ 2015ರ ಜನಮತಗಣನೆಯಲ್ಲಿ 62 ಶೇಕಡಾ ಜನ ಹೌದು ಎಂದರು. ಈ ವಿಷಯದಲ್ಲೂ ಕೆನ್ನಿ ವರ್ಷಗಟ್ಟಲೆ ತಮ್ಮ ನಿಲುವು ಹೇಳದೆ ಕಾಲ ತಳ್ಳಿದ್ದರು; ಒಮ್ಮೆ ಹೇಳಿದ ಮೇಲೆ ಪೂರ್ತಿ ಮನಸ್ಸಿನಿಂದ ಪ್ರಚಾರ ಮಾಡಿದರು. 2016ರಲ್ಲಿ ಎಂಟನೇ ತಿದ್ದುಪಡಿಯ ಪ್ರಶ್ನೆಯನ್ನು 99 ನಾಗರಿಕರ ಸಭೆಗೆ ಒಪ್ಪಿಸಿದರು, ಅಧ್ಯಕ್ಷತೆ ನ್ಯಾಯಮೂರ್ತಿ ಮೇರಿ ಲಾಫಾಯ್ ಅವರದು. ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಉಪಾಯ ಇದು ಎಂದು ಎದುರಾಳಿಗಳು ಟೀಕಿಸಿದರು. ಆ ಟೀಕೆಯಲ್ಲಿ ಸತ್ಯವಿತ್ತು. ಆದರೂ ಆ 99 ಜನ ತಿಂಗಳುಗಟ್ಟಲೆ ವಾರಾಂತ್ಯಗಳಲ್ಲಿ ಕೂತು ವೈದ್ಯರು, ವಕೀಲರು, ಎರಡೂ ಬಣದವರನ್ನು ಕೇಳಿಸಿಕೊಂಡು, 2017ರ ಏಪ್ರಿಲ್‌ನಲ್ಲಿ ರಾಜಕಾರಣಿಗಳು ಊಹಿಸಿರದಷ್ಟು ಮುಂದೆ ಹೋದರು.

ಅಷ್ಟು ಹೊತ್ತಿಗೆ ಕೆನ್ನಿಯವರ ಕಾಲ ಮುಗಿಯುತ್ತ ಬಂದಿತ್ತು. ಸೋಲುಗಳನ್ನೂ ಹೇಳಬೇಕಲ್ಲ. ಮೇಲ್ಮನೆಯನ್ನೇ ರದ್ದು ಮಾಡುತ್ತೇನೆಂದು 2009ರಲ್ಲಿ ಸಹೋದ್ಯೋಗಿಗಳನ್ನು ಕೇಳದೆ ಘೋಷಿಸಿದ್ದರು. 2013ರ ಜನಮತಗಣನೆಯಲ್ಲಿ ಟಿವಿ ಚರ್ಚೆಗೆ ಬರಲೂ ಒಪ್ಪದೆ, ಅಲ್ಪ ಅಂತರದಲ್ಲಿ ಸೋತರು. 2016ರ ಚುನಾವಣೆಯಲ್ಲಿ ಚೇತರಿಕೆಯನ್ನು ಮುಂದುವರಿಸೋಣ ಎಂಬ ಘೋಷಣೆ ಚೇತರಿಕೆ ಕಾಣದ ಊರುಗಳಲ್ಲಿ ಗಾಯಕ್ಕೆ ಉಪ್ಪು ಸವರಿತು. ತಮ್ಮದೇ ಊರು ಕಾಸಲ್‌ಬಾರ್‌ನಲ್ಲಿ, ಗೊಣಗುವುದರಲ್ಲಿ ಇಲ್ಲಿ ಕೆಲವರು ಅಖಿಲ ಐರ್ಲೆಂಡ್ ಚಾಂಪಿಯನ್ನರು ಎಂದುಬಿಟ್ಟರು. ಪಕ್ಷ 76ರಿಂದ 50ಕ್ಕೆ ಇಳಿಯಿತು, ಲೇಬರ್ 7ಕ್ಕೆ. ಎಪ್ಪತ್ತು ದಿನಗಳ ಮಾತುಕತೆಯ ನಂತರ ಹಳೆಯ ಎದುರಾಳಿ ಫಿಯನಾ ಫಾಯ್ಲ್ ಹೊರಗಿನಿಂದ ಬೆಂಬಲಿಸಿ ಅವರು ಮತ್ತೆ ಟೀಶಕ್ ಆದರು. ಅವರ ಪಕ್ಷದ ಯಾವ ಟೀಶಕ್ ಕೂಡ ಅದುವರೆಗೆ ಸತತ ಎರಡನೇ ಬಾರಿ ಆ ಹುದ್ದೆಗೆ ಆಯ್ಕೆಯಾಗಿರಲಿಲ್ಲ. ಕೊನೆಯ ವರ್ಷದಲ್ಲಿ ಒಂದು ದೊಡ್ಡ ಕೆಲಸ ಮಾಡಿದರು: ಉತ್ತರ ಐರ್ಲೆಂಡ್ ಮುಂದೊಂದು ದಿನ ಜನರ ಒಪ್ಪಿಗೆಯಿಂದ ಐರ್ಲೆಂಡಿಗೆ ಸೇರಿದರೆ ತಾನೇ ತಾನಾಗಿ ಯುರೋಪಿಯನ್ ಒಕ್ಕೂಟದೊಳಗೆ ಬರುತ್ತದೆ ಎಂಬ ಒಪ್ಪಿಗೆಯನ್ನು ಏಪ್ರಿಲ್ 2017ರ ಶೃಂಗಸಭೆಯಲ್ಲಿ ಬರೆಸಿಕೊಂಡರು. ಪೊಲೀಸ್ ಇಲಾಖೆಯ ಅಕ್ರಮ ಬಯಲಿಗೆಳೆದ ಅಧಿಕಾರಿಯೊಬ್ಬರ ಪ್ರಕರಣವನ್ನು ನಿಭಾಯಿಸಿದ ರೀತಿ ಅವರ ಕುರ್ಚಿಯನ್ನು ಅಲುಗಿಸಿತು, ಜೂನ್ 2017ರಲ್ಲಿ ಇಳಿದರು. ಬಂದವರು ಅದೇ ವರಾಡ್ಕರ್. 2020ರ ಚುನಾವಣೆಗೆ ನಿಲ್ಲದೆ ಸಂಸತ್ತಿನಿಂದಲೂ ಹೊರನಡೆದರು. ಆಮೇಲೆ ಐರ್ಲೆಂಡಿನ ಹಳೆಯ ರೈಲು ದಾರಿಗಳ ಬಗ್ಗೆ ಟಿವಿ ಸರಣಿಯೊಂದನ್ನು ನಡೆಸಿಕೊಟ್ಟರು. ಊರೂರು ತಿರುಗಿ ಜನರೊಂದಿಗೆ ಮಾತಾಡುವ ಹಳೆಯ ಕಸುಬು ಅಲ್ಲೂ ಉಪಯೋಗಕ್ಕೆ ಬಂತು.

ಹಾಗಾದರೆ ಸುಧಾರಕರೋ ಸಾಧಾರಣರೋ? ನನಗೆ ಕಾಣುವುದು ಇಷ್ಟು: ಅವರು ಜನರಿಗಿಂತ ಮುಂದೆ ನಡೆದವರಲ್ಲ, ಜನ ಹೊರಟಾಗ ದಾರಿಗೆ ಅಡ್ಡ ನಿಂತವರೂ ಅಲ್ಲ. ಕ್ಲೋಯ್ನ್ ಭಾಷಣ ಮತ್ತು 2013ರ ಮತದಾನ, ಈ ಎರಡು ಸಂದರ್ಭಗಳಲ್ಲಿ ಮಾತ್ರ ಅವರು ತಮ್ಮ ಸ್ವಭಾವವನ್ನು ಮೀರಿದರು. ಅವೆರಡು ಇಲ್ಲದಿದ್ದರೆ ಸಾಧಾರಣ ಎಂಬ ಮಾತಿಗೆ ನಾನೂ ತಲೆಯಾಡಿಸುತ್ತಿದ್ದೆ.

2018ರ ಮೇ 25ರಂದು ಎಂಟನೇ ತಿದ್ದುಪಡಿಯ ಮೇಲೆ ಮತದಾನ ನಡೆಯಿತು. ಅದನ್ನು ತೆಗೆಯಿರಿ ಎಂದು ನಿಮ್ಮ ಊರಿನಿಂದ ಸವಿತಾ ಅವರ ತಂದೆ ತಾಯಿ ಐರ್ಲೆಂಡಿನ ಮತದಾರರಿಗೆ ಮನವಿ ಮಾಡಿದ್ದರು. ಡಬ್ಲಿನ್‌ನ ಗೋಡೆಯೊಂದರ ಮೇಲೆ ಸವಿತಾ ಅವರ ಮುಖದ ದೊಡ್ಡ ಚಿತ್ರವಿತ್ತು, ಮತ ಹಾಕಿ ಬಂದವರು ಅದರ ಮೇಲೆ ಚೀಟಿಗಳನ್ನು ಅಂಟಿಸುತ್ತಿದ್ದರು, ಕ್ಷಮಿಸು ಎಂದು. 66.4 ಶೇಕಡಾ ಜನ ತಿದ್ದುಪಡಿ ಬೇಡ ಎಂದರು. ಇರಲಿ ಎಂದ ಕ್ಷೇತ್ರ ಇಡೀ ದೇಶದಲ್ಲಿ ಡನಿಗಾಲ್ ಒಂದೇ; ಕೆನ್ನಿಯವರ ಮೇಯೊ ಕೂಡ ಬದಲಾವಣೆಯ ಪರವೇ ನಿಂತಿತು.

ನಿಮ್ಮ ಕೊನೆಯ ಪ್ರಶ್ನೆ, ಈಗಿನ ಕಾನೂನು. 2013ರ ಕಾಯ್ದೆ ರದ್ದಾಗಿದೆ. 2019ರ ಜನವರಿ 1ರಿಂದ ಹೊಸ ಕಾಯ್ದೆ ಜಾರಿಯಲ್ಲಿದೆ. 12 ವಾರದವರೆಗೆ ಕಾರಣ ಕೇಳುವುದಿಲ್ಲ, ಮೊದಲ ಭೇಟಿಯ ನಂತರ ಮೂರು ದಿನ ಕಾಯುವ ನಿಯಮವಿದೆ. ಆಮೇಲೆ ತಾಯಿಯ ಜೀವಕ್ಕೆ ಅಪಾಯವಿದ್ದರೆ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿಯಾಗುವಂತಿದ್ದರೆ, ಭ್ರೂಣ ಉಳಿಯಲಾರದ ಸ್ಥಿತಿ ಇದ್ದರೆ ಅವಕಾಶ ಇದೆ. ಆರೋಗ್ಯ ಎಂಬ ಆ ಒಂದು ಪದ 2012ರಲ್ಲಿ ಗಾಲ್ವೇಯ ವೈದ್ಯರ ಕೈಯಲ್ಲಿರಲಿಲ್ಲ. ಈ ಕೆಲಸದಲ್ಲಿ ತೊಡಗಲು ಮನಸ್ಸೊಪ್ಪದ ನರ್ಸ್ ಅಥವಾ ವೈದ್ಯರು ದೂರ ಉಳಿಯುವ ಹಕ್ಕು ಕಾಯ್ದೆಯಲ್ಲೇ ಇದೆ, ತುರ್ತು ಸಂದರ್ಭ ಬಿಟ್ಟು. ನಿಮ್ಮ ತಂಗಿಯ ಮಗಳಿಗೆ ಇದನ್ನು ಈಗಲೇ ತಿಳಿಸಿ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ತನ್ನ ವಾರ್ಡಿನ ಹಿರಿಯ ನರ್ಸ್‌ರಿಂದ ಅಲ್ಲಿನ ಕ್ರಮ ಕೇಳಿ ತಿಳಿದುಕೊಳ್ಳಲಿ.